ಇಂದುಮತಿಯ ಕಾಡಿಗೆ

ಕೋಲ್ಕತ್ತದ ಸಾಲ್ಟ್ ಲೇಕಿನಲ್ಲಿ ಸಣ್ಣ ಹೋಟೆಲು ನಡೆಸುವ ಹಯವದನರ ಹೆಂಡತಿ ಇಂದುಮತಿ ಕಾಡಿಗೆ ಮಾಡಿ ಮಾರತೊಡಗಿದ್ದು ಮಗಳಿಂದಾಗಿ. ಒಂದು ದಿನ ಶ್ರೀರಕ್ಷಾ ಕಾಲೇಜಿನಿಂದ ಬಂದವಳೇ ಮೊಬೈಲಿನಲ್ಲಿ ವಿಡಿಯೊ ತೋರಿಸಿದಳು. ಯಾವುದೋ ದೇಶದ ಪ್ರಯೋಗಾಲಯ. ತಲೆ ಮಾತ್ರ ಹೊರಗಿರುವಂತೆ ಪೆಟ್ಟಿಗೆಗಳಲ್ಲಿ ಸಿಕ್ಕಿಸಿದ ಮೊಲಗಳು. ಕೈಗವಸು ತೊಟ್ಟ ಯಾರೋ ಅವುಗಳ ಕಣ್ಣಿಗೆ ಸೌಂದರ್ಯವರ್ಧಕದ ಹನಿ ಬಿಡುತ್ತಿದ್ದರು. ಒರೆಸಿಕೊಳ್ಳೋಣವೆಂದರೆ ಮುಂಗಾಲು ಎಟುಕದು. ಇಂದುಮತಿಗೆ ಅಂದು ಊಟ ಸೇರಲಿಲ್ಲ. ಮಗಳು ತನ್ನ ಮೇಕಪ್ ಸಾಮಾನನ್ನೆಲ್ಲ ಚೀಲಕ್ಕೆ ತುಂಬಿ ಎಸೆದಾಗ ತಡೆಯಲೂ ಇಲ್ಲ.

ಉಡುಪಿಯಲ್ಲಿ ಅಜ್ಜಿ ಕಾಡಿಗೆ ಮಾಡುತ್ತಿದ್ದ ಬಗೆ ಇಂದುಮತಿಗೆ ಗೊತ್ತಿತ್ತು. ನಂದಿಬಟ್ಟಲು ಹೂವಿನ ರಸದಲ್ಲಿ ಬಟ್ಟೆ ನೆನೆಸಿ, ಒಣಗಿಸಿ, ಬತ್ತಿ ಹೊಸೆದು ಹರಳೆಣ್ಣೆಯಲ್ಲಿ ಉರಿಸಬೇಕು. ಮೇಲೆ ಕವುಚಿದ ತಟ್ಟೆಗೆ ಹಿಡಿದ ಮಸಿಯನ್ನು ಕೆರೆದು ತುಪ್ಪದಲ್ಲಿ ಕಲಸಬೇಕು. ಮಗಳಿಗೆಂದು ಮಾಡಿದ್ದನ್ನು ಅವಳ ಗೆಳತಿಯರು ಕೇಳಿದರು, ಆಮೇಲೆ ಪಕ್ಕದ ನ್ಯೂ ಟೌನಿನ ಫ್ಲ್ಯಾಟುಗಳವರು. ‘ಯಾವ ಪ್ರಾಣಿಯ ಮೇಲೂ ಪರೀಕ್ಷಿಸಿಲ್ಲ’ ಎಂದು ಡಬ್ಬಿಗೆ ಚೀಟಿ ಅಂಟಿಸಿದವಳು ಶ್ರೀರಕ್ಷಾ. ಪ್ರತಿ ಸಲವೂ ಇಂದುಮತಿ ಕಲಸಿದ ಬಟ್ಟಲಿನಿಂದ ತುಸು ತೆಗೆದು ಮೊದಲು ತನ್ನ ಕಣ್ಣಿಗೇ ಹಚ್ಚಿಕೊಳ್ಳುತ್ತಿದ್ದಳು. ಮಾರನೆಯ ದಿನ ಉರಿಯಿಲ್ಲವೆಂದಾದರೆ ಡಬ್ಬಿ ತುಂಬುತ್ತಿದ್ದಳು.

ಸರಸ್ವತಿ ಪೂಜೆಯ ಮರುದಿನ ಬೆಳಿಗ್ಗೆ ಕೆಳಮಹಡಿಯ ಮಿಹಿರ್ ಬಂದು ಬಾಗಿಲು ತಟ್ಟಿದ. ಹೆಗಲಿಗೆ ಒರಗಿದ್ದ ಪುಟ್ಟ ಮಗಳ ಎಡಗಣ್ಣು ಊದಿ ಮುಚ್ಚಿಹೋಗಿತ್ತು, ರೆಪ್ಪೆಗಳ ನಡುವೆ ಕೀವು. ಹಿಂದಿನ ದಿನದ ಡ್ಯಾನ್ಸಿಗೆ ಅವಳಿಗೆ ಹಚ್ಚಿದ್ದು ಇಂದುಮತಿಯ ಕಾಡಿಗೆ. ಮಿಹಿರ್ ದನಿ ಏರಿಸಲಿಲ್ಲ. ಡಬ್ಬಿಯನ್ನು ಮುಂದೆ ಹಿಡಿದು, ಬಂಗಾಳಿಯಲ್ಲಿ ಅತ್ತಿಗೆ ಎಂದು ಕರೆದು, ಹಿಂದಿಯಲ್ಲಿ ಕೇಳಿದ:

“ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ ಅಂತ ಬರೆದಿದ್ದೀರಿ, ಬೌದಿ. ಹಾಗಾದರೆ ಯಾರ ಮೇಲೆ ಪರೀಕ್ಷಿಸಿದ್ದೀರಿ?”

ತನ್ನ ಕಣ್ಣಿಗೆ ಹಚ್ಚಿ ನೋಡಿದ್ದೆ ಎಂದಳು ಇಂದುಮತಿ.

ಕಣ್ಣಾಸ್ಪತ್ರೆಗೆ ತಾನೂ ಹೊರಟಳು. ಆಟೊದಲ್ಲಿ ಮಗು ಕಣ್ಣುಜ್ಜಿಕೊಳ್ಳದಂತೆ ಮಿಹಿರ್ ಅದರ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದಿದ್ದ. ಅದನ್ನು ನೋಡುತ್ತ ಇಂದುಮತಿಗೆ ಪೆಟ್ಟಿಗೆಯೊಳಗಿನ ಮೊಲ ನೆನಪಾಯಿತು. ಡಾಕ್ಟರು ಔಷಧಿ ಹಾಕಿ, ಒಳಗಿನ ಕರಿಗುಡ್ಡೆಗೆ ಸೋಂಕು ತಗುಲಿದೆಯೇ ಎಂಬುದು ಊತ ಇಳಿದ ಮೇಲಷ್ಟೇ ತಿಳಿಯುತ್ತದೆ, ನಾಳೆ ಬನ್ನಿ ಎಂದರು.

ಆ ದಿನವಿಡೀ ಅವಳು ಕೆಳಮಹಡಿಯ ಸದ್ದಿಗೆ ಕಿವಿಗೊಟ್ಟು ಕೂತಳು. ಮಗು ಕೊಳೆಕೈಯಿಂದ ಕಣ್ಣು ಮುಟ್ಟಿಕೊಂಡಿರಬಹುದು ಎಂದು ಶ್ರೀರಕ್ಷಾ ಸಮಾಧಾನ ಹೇಳಿದಳು.

“ಇರಬಹುದು ಮಗಾ. ಆದರೆ ನಮ್ಮದರಿಂದ ಅಲ್ಲ ಅಂತ ನಾನು ಹೇಗೆ ಹೇಳುದು? ನಂಗೆ ಗೊತ್ತೇ ಇಲ್ಲ ಅಲ್ವಾ?”

ಯಾರೂ ಹಚ್ಚಬೇಡಿ, ಡಬ್ಬಿ ವಾಪಸು ಕೊಡಿ ಎಂದು ಇಬ್ಬರೂ ಸೇರಿ ಕಾಡಿಗೆ ಕೊಂಡವರಿಗೆಲ್ಲ ಫೋನು ಮಾಡಿದರು. ಕೆಲವರು ನಮಗೇನೂ ಆಗಿಲ್ಲವಲ್ಲ ಎಂದು ನಕ್ಕರು.

ಮರುದಿನ ಊತ ಇಳಿದಿತ್ತು. ಕರಿಗುಡ್ಡೆಗೆ ಏನೂ ಆಗಿರಲಿಲ್ಲ. ಆದರೂ ಇಂದುಮತಿ ಉಳಿದ ಡಬ್ಬಿಗಳನ್ನು ಪರೀಕ್ಷೆಗೆ ಕೊಟ್ಟಳು. ಪ್ರಾಣಿಗಳನ್ನು ಬಳಸದೆ ಗಾಜಿನ ತಟ್ಟೆಗಳಲ್ಲಿ ರೋಗಾಣು ಬೆಳೆಸಿ ನೋಡುವ ಲ್ಯಾಬು ಅದು. ಡಬ್ಬಿಗಳಲ್ಲಿ ರೋಗಾಣು ಇದೆಯೆಂದು ವರದಿ ಬಂತು. ತೊಳೆದ ಡಬ್ಬಿಗಳಲ್ಲಿ ನೀರಿನ ಪಸೆ ಉಳಿದಿರಬೇಕು ಎಂದರು ಲ್ಯಾಬಿನವರು. ಡಬ್ಬಿಗೆ ತುಂಬುವ ಮೊದಲೇ ಬಟ್ಟಲಿನದನ್ನು ಹಚ್ಚಿಕೊಂಡಿದ್ದ ಅವಳ ಕಣ್ಣಿಗೆ ಅದು ತಿಳಿಯುವ ಹಾಗೇ ಇರಲಿಲ್ಲ.

ಮಿಹಿರನಿಗೆ ತಾನೇ ಹೋಗಿ ಹೇಳಿದಳು. ಅವನು, ಹೇಳಿದ್ದು ಒಳ್ಳೆಯದಾಯಿತು ಎಂದಷ್ಟೇ ಅಂದು ಒಳಗೆ ಹೋದ. ಇಂದುಮತಿ ಮತ್ತೆ ಕಾಡಿಗೆ ಮಾರಲಿಲ್ಲ.

ಸೆಕ್ಟರ್ ಫೈವಿನ ಐಟಿ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಬೆಂಗಳೂರಿನ ಶ್ರಾವ್ಯ ಎಂಬ ಹುಡುಗಿ ಗೆಳತಿಯರಿಗೂ ಸೇರಿಸಿ ಕೆಲವು ಡಬ್ಬಿ ಒಯ್ದಿದ್ದಳು. ಅವಳು ಆ ಕೆಲಸ ಬಿಟ್ಟು ಹೋಗಿದ್ದಾಳೆ, ನಂಬರು ಬದಲಾಗಿದೆ. ಇಂದುಮತಿ ವಾರಕ್ಕೊಮ್ಮೆಯಾದರೂ ಆ ಹಳೆಯ ನಂಬರಿಗೆ ಇನ್ನೂ ಫೋನು ಮಾಡುತ್ತಾಳೆ.