ಅಣ್ಣನ ಕಾಲು, ನನ್ನ ಹರಕೆ

ಅಣ್ಣನ ಬಲ ಮೊಣಕಾಲು ಕಣಕದ ಉಂಡೆಯ ಹಾಗೆ ಬಾತಿತ್ತು. ಸವದತ್ತಿ ಬಸ್ಸಿನಲ್ಲಿ ಅವನು ಪ್ಯಾಂಟು ಮಡಚಿ ಎಣ್ಣೆ ಸವರಿಕೊಳ್ಳುವಾಗ ನಾನು ಪಕ್ಕದಲ್ಲೇ ಕೂತು ನೋಡಿದೆ. ಇಳಿದು ಮನೆಗೆ ಹೋಗೋಣ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ.

ಬೈಲಹೊಂಗಲದಲ್ಲಿ ಅವನನ್ನು ಅರಿಯದವರಿರಲಿಲ್ಲ. ಫುಟ್‌ಬಾಲಿನಲ್ಲಿ ಅವನು ಫಾರ್ವರ್ಡ್. ಗೋಲು ಹೊಡೆಯುವುದೇ ಅವನ ಕೆಲಸ. ಮನೆಯಲ್ಲೂ ಆ ಕಾಲು ಸುಮ್ಮನಿರುತ್ತಿರಲಿಲ್ಲ. ಬುಟ್ಟಿಯಿಂದ ಉಳ್ಳಾಗಡ್ಡಿ ಉರುಳಿದರೆ ಕೈಗಿಂತ ಮೊದಲು ಕಾಲು ಚಾಚಿ ತಡೆಯುತ್ತಿದ್ದ. "ತಿನ್ನೋದಕ್ಕ ಕಾಲ ಹಚ್ಚತೀಯೇನೋ ಭಾಡ್ಯಾ" ಎಂದು ಅವ್ವ ಬೈದರೆ, ಅದನ್ನೇ ಎತ್ತಿ ಕಣ್ಣಿಗೊತ್ತಿಕೊಂಡು ನಗುತ್ತಿದ್ದ. ಅವನ ಹಾಸಿಗೆಯ ಮೇಲಿನ ಗೋಡೆಗೆ ಪೇಪರಿನಿಂದ ಕತ್ತರಿಸಿದ ಒಬ್ಬ ಆಟಗಾರನ ಚಿತ್ರವಿತ್ತು. ಸ್ಲೊವಾಕಿಯಾದವನಂತೆ, ಅವನೂ ಫಾರ್ವರ್ಡ್. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನಾನು ಅದೆಲ್ಲಿದೆ ಎಂದು ಕೇಳಿದ್ದೆ. "ಸಣ್ಣ ದೇಶ ಐತಂತವಾ. ಸಣ್ಣದಿದ್ರೇನಾತು, ಗೋಲಿನ ಅಗಲ ಎಲ್ಲಾ ಕಡೆ ಒಂದ" ಎಂದಿದ್ದ.

ಅವನ ಮ್ಯಾಚು ನೋಡಲು ನಾನು ಹೋಗುತ್ತಿರಲಿಲ್ಲ. ಯಾರಾದರೂ ಅವನ ಕಾಲಿಗೆ ಹೊಡೆದಾರೆಂಬ ಭಯ. ಆ ಭಯದಲ್ಲೇ ಯಲ್ಲಮ್ಮನಿಗೆ ಹರಕೆ ಹೊತ್ತೆ: ಅಣ್ಣ ದೊಡ್ಡ ಟೀಮು ಸೇರಿದರೆ ಅವನಿಂದ ಗುಡ್ಡದ ಹಾದಿಯಲ್ಲಿ ದೀಡ ನಮಸ್ಕಾರ ಹಾಕಿಸುತ್ತೇನೆ. ಬೋರಲು ಮಲಗಿ, ಕೈ ಮುಟ್ಟಿದಲ್ಲಿ ಗೆರೆ ಎಳೆಸಿಕೊಂಡು, ಎದ್ದು, ಆ ಗೆರೆಯಿಂದ ಮತ್ತೆ ಮಲಗುತ್ತ ಗುಡಿ ಮುಟ್ಟುವ ಸೇವೆ ಅದು. ಅವನನ್ನು ಒಂದು ಮಾತೂ ಕೇಳಿರಲಿಲ್ಲ.

ಗೋವಾದ ಒಂದು ಟೀಮು ಅವನನ್ನು ಕರೆಯಿತು. ಆಗಷ್ಟೇ ಮನೆಯಲ್ಲಿ ಹರಕೆಯ ಮಾತು ತೆಗೆದೆ. ಹೊರಡುವ ಮೊದಲಿನ ಮ್ಯಾಚಿನಲ್ಲಿ ಮೊಣಕಾಲಿಗೆ ಪೆಟ್ಟು ಬಿತ್ತು. ಅಣ್ಣ ಅಳುಕುತ್ತಲೇ ಕೇಳಿದ, "ಗೋವಾದಿಂದ ಬಂದ ಮ್ಯಾಲ ಹರಕಿ ತೀರಸಿದ್ರ ನಡ್ಯಾಂಗಿಲ್ಲೇನು?" ಅವ್ವ ನನ್ನ ಮುಖ ನೋಡಿದಳು. ಹರಕೆ ಹೊತ್ತವಳು ನಾನು. ನಾನು ನಡೀತೈತಿ ಎಂದಿದ್ದರೆ ಸಾಕಿತ್ತು. "ಹರಕಿ ಇಟ್ಕೊಂಡ ಹೋದ್ರ ದೇವಿ ಕಾಡ್ತಾಳ" ಎಂದುಬಿಟ್ಟೆ.

ಗುಡ್ಡದ ಬುಡದ ಉಗರಗೋಳದಲ್ಲಿ ಇಳಿದೆವು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಅವನು ಮಲಗಿದ, ಎದ್ದ, ಮಲಗಿದ. ಕೋಲು ಹಿಡಿದು ಗೆರೆ ಎಳೆಯುತ್ತಿದ್ದವಳು ನಾನು. ಅರ್ಧ ದಾರಿಯಲ್ಲಿ ಅವನು ಏಳುವಾಗ ಮೊಣಕಾಲೊಳಗೆ ಏನೋ ಲಟಕ್ಕೆಂದಿತು. ತುಟಿ ಕಚ್ಚಿ ನನ್ನ ಕಡೆ ನೋಡಿದ. ನಾನು ಮುಂದಿನ ಗೆರೆ ಎಳೆದೆ.

ಗೋವಾದಲ್ಲಿ ಅವನಿಗೆ ಓಡಲಾಗಲಿಲ್ಲ. ಸ್ವಲ್ಪ ದಿನಕ್ಕೇ ತಿರುಗಿ ಬಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ತೂಕದ ಕೆಲಸಕ್ಕೆ ನಿಂತ. ಕೇಳಿದವರಿಗೆಲ್ಲ "ಆಟದಾಗ ಆತ್ರಿ" ಎನ್ನುತ್ತಿದ್ದ. ನಾನು ಹತ್ತಿರವಿದ್ದರೆ ಅದನ್ನು ಇನ್ನಷ್ಟು ಗಟ್ಟಿಯಾಗಿ ಹೇಳುತ್ತಿದ್ದ. ಮೈದಾನದ ಕೂಗು ಮನೆಗೆ ಕೇಳಿಸಿದರೆ ಎದ್ದು ರೇಡಿಯೋ ಜೋರು ಮಾಡುತ್ತಿದ್ದ. ಅವನು ಇಂದಾದರೂ ಬಾಯಿಬಿಟ್ಟು ನನ್ನನ್ನು ಬೈಯುತ್ತಾನೇನೋ ಎಂದು ದಿನವೂ ಕಾದೆ, ದಿನವೂ ಅಂಜಿದೆ. ಗೋಡೆಯ ಮೇಲಿನ ಚಿತ್ರ ಎಂದು ಹೋಯಿತೋ ಗೊತ್ತಾಗಲಿಲ್ಲ.

ಎಷ್ಟೋ ವರ್ಷದ ಮೇಲೆ ಅವ್ವನನ್ನು ಕರೆದುಕೊಂಡು ಮತ್ತೆ ಗುಡ್ಡಕ್ಕೆ ಹೋದೆವು. ಅಣ್ಣನಿಗೆ ಹತ್ತಲಾಗದು. ಉಗರಗೋಳದ ಚಹಾದಂಗಡಿಯ ಬೆಂಚಿನ ಮೇಲೆ ಕಾಲು ಚಾಚಿ ಕೂತು, "ನೀ ಹೋಗಿ ಬಾರವಾ, ನಾ ಇಲ್ಲೇ ಇರತೇನಿ" ಎಂದ. ಅವ್ವನನ್ನು ನಮ್ಮೊಡನೆ ಬಂದಿದ್ದ ನೆರೆಮನೆಯವರ ಜೊತೆ ಮುಂದೆ ಕಳಿಸಿ ನಾನು ಅವನ ಪಕ್ಕ ಕೂತೆ. ಆ ಮೊಣಕಾಲಿನ ಮೇಲೆ ಕೈ ಇಟ್ಟೆ.

"ಹರಕಿ ನಂದಿತ್ತು, ಅಣ್ಣಾ. ಆ ಕಲ್ಲಿನ ಮ್ಯಾಲ ನಾ ಮಲಗಬೇಕಾಗಿತ್ತು. ನಿನ್ನ ಕಾಲಿನ ಸಪ್ಪಳ ಅವತ್ತ ನನಗೂ ಕೇಳಿತ್ತು. ತಪ್ಪಾತು."