ಮಾವನ ಎಡೆಗೆ ಲಿಟ್ಟಿ

ನಮ್ಮ ಮಾವನಿಗೆ ಹೋಳಿಗೆ ಕಂಡರೆ ಆಗುತ್ತಿರಲಿಲ್ಲ. ಹಬ್ಬದ ದಿನ ಎಲೆಗೆ ಹೋಳಿಗೆ ಬಿದ್ದರೆ, "ಇದನ್ನ ಉಣ್ಣಾಕೆ ಹಾಕೀರೋ, ಹಲ್ಲಿಗೆ ಅಂಟ್ಸಾಕೆ ಹಾಕೀರೋ?" ಎಂದು ಪಕ್ಕಕ್ಕೆ ಸರಿಸುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಲಿಟ್ಟಿ. ಹೊಸದುರ್ಗದ ನಮ್ಮ ಓಣಿಯಲ್ಲಿ ಆ ಹೆಸರು ಕೇಳಿದವರೇ ಇರಲಿಲ್ಲ. ಮಾವ ಭೀಮಸಮುದ್ರದಲ್ಲಿ ಅಡಿಕೆ ಲೋಡು ತುಂಬಿಕೊಂಡು ಉತ್ತರದ ಕಡೆಗೆ ಲಾರಿ ಓಡಿಸಿದವರು. ಬಿಹಾರದ ಯಾವುದೋ ರಸ್ತೆ ಬದಿಯಲ್ಲಿ ತಿಂದಿದ್ದ ಆ ಉಂಡೆ ರೊಟ್ಟಿಯನ್ನು, ಲಾರಿ ಬಿಟ್ಟು ಮನೆಯಲ್ಲಿ ಕೂತ ಮೇಲೂ ಅವರ ನಾಲಿಗೆ ಮರೆತಿರಲಿಲ್ಲ.

ನಾನು ಲಿಟ್ಟಿ ಕಲಿತದ್ದು ಅವರ ಬಾಯಿಂದಲೇ. ಒಲೆ ಹಚ್ಚಿ ಗೊತ್ತಿಲ್ಲದ ಮನುಷ್ಯ, ಆದರೆ ವರ್ಣನೆಗೆ ಕಡಿಮೆ ಇರಲಿಲ್ಲ. "ಒಳಗೆ ಕಡ್ಲೆ ಹಿಟ್ಟು ಇರ್ತೈತೆ ಕಣವ್ವ" ಎಂದರು. ನಾನು ಹಸಿ ಕಡಲೆ ಹಿಟ್ಟು ತುಂಬಿ ಸುಟ್ಟುಕೊಟ್ಟೆ. ಒಂದು ತುತ್ತು ಅಗಿದು, "ಇದು ಲಿಟ್ಟಿ ಅಲ್ಲ, ಲಿಟ್ಟಿ ದಾಯಾದಿ" ಎಂದರು. ಕೊನೆಗೆ ಹುರಿಗಡಲೆ ಪುಡಿ ಮಾಡಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಓಮಿನಕಾಳು, ಕೊತ್ತಂಬರಿ ಸೊಪ್ಪು, ನಿಂಬೆರಸ ಹಾಕಿ ಕಲಸಿದಾಗ ಅವರ ಮುಖ ಅರಳಿತು. ಸಾಸಿವೆ ಎಣ್ಣೆ ಹಾಕಬೇಕೆಂದು ಹಟ ಹಿಡಿದಿದ್ದರು. ಅದರ ವಾಸನೆಗೆ ಅತ್ತೆ ಜಗಲಿಗೆ ಹೋಗಿ ಕೂತದ್ದರಿಂದ ನಮ್ಮ ಕಡಲೆಕಾಯಿ ಎಣ್ಣೆಗೇ ರಾಜಿಯಾದೆವು.

ಗೋಧಿ ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ಬಟ್ಟಲು ಮಾಡಿ, ಹೂರಣ ತುಂಬಿ, ಬಾಯಿ ಮುಚ್ಚಿ, ಹಿತ್ತಲಲ್ಲಿ ತೆಂಗಿನ ಚಿಪ್ಪಿನ ಕೆಂಡದ ಮೇಲೆ ಹೊರಳಿಸುತ್ತಾ ಸುಡಬೇಕು. ಮೇಲೆ ಬಿರುಕು ಬಿಟ್ಟರೆ ಒಳಗೆ ಬೆಂದಿದೆ ಎಂದು ಲೆಕ್ಕ. ಬೂದಿ ಒರೆಸಿ ತುಪ್ಪದಲ್ಲಿ ಅದ್ದಿಬಿಡಬೇಕು. ಅದೇ ಕೆಂಡದಲ್ಲಿ ಬದನೆಕಾಯಿ, ಟೊಮೆಟೊ ಸುಟ್ಟು, ಬೇಯಿಸಿದ ಆಲೂಗಡ್ಡೆ ಜೊತೆ ಕೈಯಲ್ಲೇ ಕಿವುಚಿ, ಈರುಳ್ಳಿ, ಉಪ್ಪು, ಖಾರ ಬೆರೆಸಿದರೆ ನೆಂಚಿಕೊಳ್ಳಲು ಚೋಖಾ. ನಮ್ಮ ಸುಟ್ಟ ಬದನೆಕಾಯಿ ಬಜ್ಜಿಯೇ, ಪ್ಯಾಂಟು ಹಾಕಿಕೊಂಡಿತ್ತು ಅಷ್ಟೆ.

ಮಾವ ಬಂದವರಿಗೆಲ್ಲ ಹೇಳುತ್ತಿದ್ದರು: "ನಮ್ ಸೊಸೆ ಕೈ ಐತಲ್ಲ, ಅಂಥ ಕೈ ಈ ತಾಲ್ಲೂಕ್ನಾಗೆ ಇಲ್ಲ. ಕುಂತ್ಕಳ್ರಿ, ತಿಂದೇ ಹೋಗ್ರಿ." ಆ ಮನೆಯಲ್ಲಿ ಹೊಲ ಅವರದು, ಮನೆ ಅವರದು, ದೇವರೂ ಅವರದೇ. ನನ್ನದು ಅಂತ ಇದ್ದದ್ದು ಆ ಮಾತೊಂದು.

ಮಾವ ಹೋದ ಮೇಲೆ ಬಂದ ಮೊದಲ ಮಹಾಲಯ ಅಮಾವಾಸ್ಯೆಗೆ ಅವರಿಗೆ ಎಡೆ ಇಡಬೇಕಿತ್ತು. ಹೋದವರು ಏನು ಇಷ್ಟಪಟ್ಟಿದ್ದರೋ ಅದು ಎಡೆಯಲ್ಲಿ ಇರಲೇಬೇಕು, ಬೀಡಿಯಾದರೂ ಸರಿ. ಲಿಟ್ಟಿ ಮಾಡುವವಳು ನಾನೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಎಡೆಯ ಅಡುಗೆಗೆ ಒಂದು ಕಟ್ಟುನಿಟ್ಟು ಇದೆ. ಉಪ್ಪು ನೋಡುವುದಿರಲಿ, ಮೂಸಿಯೂ ನೋಡಬಾರದು. ಹಿರಿಯರು ಉಂಡ ಮೇಲೆಯೇ ನಮ್ಮ ನಾಲಿಗೆಯ ಸರದಿ. ನನಗೆ ಅದರಿಂದ ಭಯವೇನೂ ಇರಲಿಲ್ಲ. ಕೈ ಅಳತೆ ಗಟ್ಟಿಯಾಗಿತ್ತು.

ಹೂರಣಕ್ಕೂ ಚೋಖಾಗೂ ಉಪ್ಪು ಬೆರೆಸಿ, ತಟ್ಟೆ ಮುಚ್ಚಿಟ್ಟು, ಕೆಂಡ ಸರಿಮಾಡಲು ಹಿತ್ತಲಿಗೆ ಹೋದೆ. ಅಡುಗೆಮನೆಯ ಬಾಗಿಲಲ್ಲಿ ನಮ್ಮ ಯಜಮಾನರು ಬಾಳೆಎಲೆ ಒರೆಸುತ್ತಾ ಕೂತಿದ್ದರು. ಅತ್ತೆ ಒಳಗೆ ಪಾಯಸ ತಿರುವುತ್ತಿದ್ದರು. ನಾನು ಮರಳಿ ಬಂದು ಉಂಡೆ ತುಂಬಿದೆ, ಸುಟ್ಟೆ. ಫೋಟೊದ ಮುಂದೆ ಎಡೆ ಇಟ್ಟು, ಮಾವ ನಿಧಾನವಾಗಿ ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂತೆವು.

ಆಮೇಲೆ ಪಂಕ್ತಿ ಕೂತಿತು. ಹೊಳಲ್ಕೆರೆಯಿಂದ ಬಂದಿದ್ದ ದೊಡ್ಡ ನಾದಿನಿ, ಅಂದರೆ ನಮ್ಮ ಯಜಮಾನರ ಅಕ್ಕ, ಲಿಟ್ಟಿ ಮುರಿದು ಬಾಯಿಗೆ ಹಾಕಿಕೊಂಡವರು ಎದ್ದು ಹೋಗಿ ಉಗುಳಿಬಂದರು. ಅವರ ಗಂಡ ನೀರಿನ ಲೋಟಕ್ಕೆ ಕೈ ಹಾಕಿದರು. ನಾನೂ ಒಂದು ಚೂರು ತಿಂದೆ. ಉಪ್ಪೋ ಉಪ್ಪು. ಚೋಖಾವಂತೂ ನಾಲಿಗೆಗೆ ತಾಗಿಸುವ ಹಾಗಿರಲಿಲ್ಲ.

"ನಮ್ಮಪ್ಪಗೆ ಮೊದ್ಲ ಎಡೆ ಕಣೇ ಇದು! ಉಪ್ಪು ಉಣ್ಸಿ ಬಾಯಾರ್ಸಿ ಕಳ್ಸಿಬಿಟ್ಯಲ್ಲೇ!" ಎಂದು ನಾದಿನಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾನು ಅತ್ತೆಯ ಮುಖ ನೋಡಿದೆ. "ನಾನು ಉಪ್ಪಿನ ಡಬ್ಬಿ ಮುಟ್ಟೇ ಇಲ್ಲ ಕಣವ್ವ" ಎಂದರು. ಸುಳ್ಳು ಹೇಳುವ ಮುಖ ಅದಾಗಿರಲಿಲ್ಲ. ಯಜಮಾನರ ಮುಖ ನೋಡಿದೆ. ಅವರು ತಲೆ ತಗ್ಗಿಸಿ ಅನ್ನಕ್ಕೆ ಮಜ್ಜಿಗೆ ಕಲಸಿಕೊಳ್ಳುತ್ತಿದ್ದರು. ಹೈಸ್ಕೂಲಿನಲ್ಲಿ ಮಕ್ಕಳಿಗೆ ತಲೆ ಎತ್ತಿ ಮಾತಾಡಿ ಎಂದು ಹೇಳಿಕೊಡುವ ಮೇಷ್ಟ್ರು ಅವರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಕದಿಯದವಳೂ ಮುಟ್ಟಿ ನೋಡಿಕೊಳ್ಳುತ್ತಾಳೆ, ಅದನ್ನು ಗಾದೆ ಹೇಳುವುದಿಲ್ಲ. ಅತ್ತೆ ಹಾಕಿಲ್ಲ ಎಂದ ಮೇಲೆ ಹಾಕಿದ್ದು ನಾನೇ ಇರಬೇಕು ಎಂದುಕೊಂಡೆ. ಹಾಕಿದ್ದು ಮರೆತು ಇನ್ನೊಂದು ಸಲ ಹಾಕಿದೆ. ಹಾಗಾದರೆ ಇನ್ನೂ ಏನೇನು ಮರೆಯುತ್ತಿದ್ದೇನೋ! ಆಮೇಲೆ ನಾನು ಗ್ಯಾಸ್ ಆರಿಸಿ ಮತ್ತೆ ಹೋಗಿ ನೋಡುತ್ತಿದ್ದೆ. ಬೀಗ ಹಾಕಿ ಓಣಿ ತಿರುವಿನಿಂದ ವಾಪಸ್ ಬಂದು ಎಳೆದು ನೋಡುತ್ತಿದ್ದೆ. ಸಾರಿಗೆ ಉಪ್ಪು ಹಾಕುವಾಗ, ಹಾಕಿದ್ದೇನೆ ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದೆ. ಒಂದು ದಿನ ತಡೆಯಲಾರದೆ, "ರೀ, ನಂಗೆ ಮರೆವಿನ ಕಾಯಿಲೆ ಶುರುವಾಗೈತೇನೋ, ಹೆದರಿಕೆ ಆಗ್ತೈತೆ" ಎಂದು ಯಜಮಾನರಿಗೆ ಹೇಳಿದೆ.

ಅವರು ಪೇಪರ್ ಮಡಿಸಿಟ್ಟು, "ವಯಸ್ಸಾತಲ್ಲ, ಎಲ್ರಿಗೂ ಆಗ್ತೈತೆ ಬಿಡು" ಎಂದರು. ಅಷ್ಟು ಮೃದುವಾಗಿ ಅವರು ಮಾತಾಡಿದ್ದು ಅಪರೂಪ. ನನಗೆ ಸಮಾಧಾನವೂ ಆಯಿತು, ನೋಡಿ.

ಮರುವರ್ಷದ ಅಮಾವಾಸ್ಯೆಗೆ ನಾದಿನಿ ಹಿಂದಿನ ದಿನವೇ ಬಂದಿಳಿದರು. "ನೀನು ಕಾಯಿ ತುರ್ಕೊಡು ಸಾಕು, ಒಲೆ ಹತ್ರ ನಾನು ನೋಡ್ಕಂತೀನಿ" ಎಂದರು. ನಾನು ತುರಿದುಕೊಟ್ಟೆ. ಎಡೆಗೆ ಹೋಳಿಗೆ ಮಾಡಿದರು. ಮಾವ ಬಾಗಿಲವರೆಗೆ ಬಂದಿದ್ದರೆ ಅದನ್ನು ನೋಡಿ ಮತ್ತೆ ಲಾರಿ ಹತ್ತಿರಬೇಕು. ಪಂಕ್ತಿಯಲ್ಲಿ ಒಬ್ಬರು ಲಿಟ್ಟಿ ಇಲ್ಲವೇ ಎಂದು ಕೇಳಿದಾಗ ನಾದಿನಿ ನನ್ನ ಕಡೆ ನೋಡಿ ನಕ್ಕರು, ಕೇಳಿದವರೂ ನಕ್ಕರು. ನಾನು ನೀರು ಬಡಿಸುತ್ತಾ ಮುಂದೆ ಹೋದೆ.

ದೀಪಾವಳಿ ಕಳೆದ ಮೇಲೆ ಅತ್ತೆಯ ಮರೆವು ಎದ್ದು ಕಾಣತೊಡಗಿತು. ಉಂಡು ಕೈ ತೊಳೆದು ಬಂದು, ಇನ್ನೂ ಊಟಕ್ಕೆ ಹಾಕಿಲ್ಲವಲ್ಲ ಎನ್ನುವರು. ಶ್ರೀರಾಂಪುರದಲ್ಲಿ ಯಾವಾಗಲೋ ತೀರಿಹೋದ ತಮ್ಮನಿಗೆ ಕಾಯುತ್ತಾ ಜಗಲಿಯಲ್ಲಿ ಕೂರುವರು. ಅವರನ್ನು ಕರೆದುಕೊಂಡು ಚಿತ್ರದುರ್ಗದ ಡಾಕ್ಟರ ಹತ್ತಿರ ಹೋದೆವು. ಅತ್ತೆಯನ್ನು ಪರೀಕ್ಷೆಗೆ ಒಳಗೆ ಕರೆದೊಯ್ದ ಮೇಲೆ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಕೇಳಿದರು: "ಮೊದಲು ಗೊತ್ತಾಗಿದ್ದು ಯಾವಾಗ? ಏನಾದ್ರೂ ಒಂದು ಘಟನೆ ನೆನಪಿದ್ರೆ ಹೇಳಿ."

ನಾನು ಊಟದ ವಿಷಯ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಯಜಮಾನರು ಶುರು ಮಾಡಿದರು. "ಹೋದ ವರ್ಷ ಮಹಾಲಯ ಅಮಾಸೆ ದಿನ ಸರ್. ನಮ್ಮ ಮನೆಯವ್ರು ಉಪ್ಪು ಹಾಕಿ ಮುಚ್ಚಿಟ್ಟು ಹೋಗಿದ್ರು. ಅವ್ವ ಬಂದು ಎರಡಕ್ಕೂ ಉಪ್ಪು ಹಾಕಿ ಕಲಸಿದ್ರು. ಆಮೇಲೆ ಡಬ್ಬಿನೇ ಮುಟ್ಟಿಲ್ಲ ಅಂದ್ರು. ನಾನು ಎದುರಿಗೇ ಕುಂತಿದ್ದೆ, ಕಣ್ಣಾರೆ ನೋಡಿದೀನಿ."

ಡಾಕ್ಟರು ಬರೆದುಕೊಂಡರು. ಪಾಠ ಒಪ್ಪಿಸಿದ ಹುಡುಗನ ಹಾಗೆ ಅಷ್ಟು ಚೆನ್ನಾಗಿ, ಒಂದನ್ನೂ ಬಿಡದೆ ಹೇಳಿದ್ದರು. ಪಕ್ಕದಲ್ಲಿ ನಾನು ಕೂತಿದ್ದೇನೆ ಎನ್ನುವುದು ಹೇಳಿ ಮುಗಿಸಿದ ಮೇಲೆ ಅವರಿಗೆ ಹೊಳೆಯಿತು. ಕಿವಿ ಕೆಂಪಾದವು.

ಹೊರಗೆ ಬಂದ ಮೇಲೆ, ಅತ್ತೆಯನ್ನು ಬೆಂಚಿನ ಮೇಲೆ ಕೂರಿಸಿ, ಮೆಡಿಕಲ್ ಶಾಪಿನ ಮುಂದೆ ಅವರನ್ನು ನಿಲ್ಲಿಸಿ ಕೇಳಿದೆ. "ನೋಡಿದ್ರೆ ಯಾಕ್ರೀ ಹೇಳ್ಲಿಲ್ಲ?"

"ಎಲ್ರ ಮುಂದೆ ಅವ್ವಗೆ ಅವಮಾನ ಆಗ್ತಿತ್ತಲ್ಲೇ. ಆ ವಯಸ್ನಾಗೆ ತಡ್ಕಳಾಕಾಗಲ್ಲ."

"ನಂಗೆ?"

"ನೀನಾದ್ರೆ ತಡ್ಕಂತೀಯ" ಎಂದರು.

ಅತ್ತೆ ಒಡೆದ ಪಾತ್ರೆಗೆ ಬೆಲೆ ಇಲ್ಲ ಎಂಬ ಗಾದೆಯನ್ನು ನಾನು ನಗುತ್ತಲೇ ಹೇಳಿಕೊಂಡು ಬಂದವಳು. ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ, ಪಾಪ, ಅವರಿಗೆ ಒಡೆದದ್ದೇ ಗೊತ್ತಿಲ್ಲ. ಅವತ್ತು ಪಂಕ್ತಿಯಲ್ಲಿ ಸುಮ್ಮನಿದ್ದದ್ದನ್ನೂ ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ನನಗೆ ಹೆದರಿಕೆ ಆಗುತ್ತಿದೆ ಎಂದು ನಾನಾಗಿ ಹೇಳಿಕೊಂಡ ದಿನ, ನಿನಗೆ ಏನೂ ಆಗಿಲ್ಲ ಎಂಬ ಒಂದು ಮಾತು ಅವರ ಬಾಯಲ್ಲಿ ಸಿದ್ಧವಾಗಿತ್ತು. ಅದನ್ನು ಒಳಗಿಟ್ಟುಕೊಂಡು ವಯಸ್ಸಾಯಿತು ಅಂದರಲ್ಲ, ಅದು ಮೋಸ. ಅದಕ್ಕೆ ಬೇರೆ ಹೆಸರು ನನಗೆ ಗೊತ್ತಿಲ್ಲ. ಮೆಡಿಕಲ್ ಶಾಪಿನವನು ನೋಡುತ್ತಿದ್ದರೂ ಅಳು ನಿಲ್ಲಲಿಲ್ಲ.

"ಅಕ್ಕಂಗೆ ಏನೂ ಹೇಳಕ್ಕೋಗಬ್ಯಾಡ" ಎಂದು ಅವರು ಮಾತ್ರೆ ಚೀಟಿ ಹಿಡಿದು ಕೌಂಟರಿಗೆ ತಿರುಗಿದರು. ಅದನ್ನು ಕೇಳಿದ ಮೇಲೆ ನಾನು ಹೇಳದೆ ಬಿಡುವವಳೇ? ಬೆಂಚಿನಲ್ಲಿ ಅತ್ತೆಯ ಪಕ್ಕ ಕೂತು ಹೊಳಲ್ಕೆರೆಗೆ ಫೋನ್ ಮಾಡಿದೆ. ನನ್ನ ಕೈ ಕೆಟ್ಟಿಲ್ಲ ಎಂದು ಆ ಮನೆಯಲ್ಲಿ ಒಬ್ಬರಾದರೂ ಹೇಳಬೇಕಿತ್ತು. ನಾದಿನಿ ಬಾಯಿ ಜೋರು, ಆದರೆ ತಪ್ಪು ಕಂಡರೆ ತಮ್ಮನನ್ನೂ ಬಿಡುವವರಲ್ಲ ಎಂಬ ನಂಬಿಕೆ ಇತ್ತು.

"ಅಕ್ಕಾ, ಹೋದ ವರ್ಷ ಎಡೆಗೆ ಉಪ್ಪು ಜಾಸ್ತಿ ಆಗಿದ್ದು ನನ್ನಿಂದ ಅಲ್ಲ. ಅತ್ತೆ ಮರ್ತು ಮತ್ತೆ ಹಾಕಿದ್ರಂತೆ. ಇವ್ರೇ ನೋಡಿದಾರಂತೆ."

"ಅಯ್ಯೋ, ಅದಾ?" ಎಂದರು ನಾದಿನಿ. "ತಮ್ಮ ಅವತ್ತು ಸಂಜೆನೇ ಹೇಳಿದ್ದ ಬಿಡು. ಅವ್ವನ ವಿಷ್ಯ ಹೊರಗ್ನೋರಿಗೆ ಗೊತ್ತಾಗಾದು ಬ್ಯಾಡ, ನಮ್ ನಮ್ಮೊಳಗೇ ಇರ್ಲಿ ಅಂತ ನಾವಿಬ್ರೂ ಸುಮ್ನಾದ್ವಿ."

"ಹೊರಗ್ನೋರು ಅಂದ್ರೆ ಯಾರಕ್ಕಾ?" ಎಂದು ಕೇಳಿದೆ.

"ಅವ್ವಗೆ ಮಾತ್ರೆ ಬರ್ಕೊಟ್ಟಾರಾ? ಹೊತ್ತೊತ್ತಿಗೆ ಸರಿಯಾಗಿ ಕೊಡು. ನೀನಿದೀಯ ಅಂತ ನಮಗೆ ಧೈರ್ಯ" ಎಂದರು.