ಒಂದೇ ಡಬ್ಬಿ ಎಣ್ಣೆ ಬಣ್ಣ

ನಮ್ಮ ಅತ್ತೆಯವರ ಬಲಗೈ ಬೆರಳುಗಳ ತುದಿ ಬೆಳ್ಳಗೆ ಬಿರಿದಿರುತ್ತಿದ್ದವು. ವರ್ಷ ವರ್ಷ ದಸರೆಗೆ ಸುಣ್ಣ ಕಲಸಿ ಕಲಸಿ ಚರ್ಮವೇ ಸುಟ್ಟುಹೋಗಿತ್ತು; ಎಷ್ಟು ಕೊಬ್ಬರಿ ಎಣ್ಣೆ ಸವರಿದರೂ ಅಷ್ಟೇ. ಆ ಕೈಯಿಂದಲೇ ಗೋಡೆ ಮುಟ್ಟಿ ನೋಡಿ, ಯಾವ ಕೋಣೆಗೆ ಏನು ಹಚ್ಚಬೇಕೆಂದು ಹೇಳುವರು. ಮಾಳಮಡ್ಡಿಯ ನಮ್ಮ ಮನೆಯಲ್ಲಿ ಅವರ ಮಾತೇ ಕಡೆಯ ಮಾತು. "ದೇವರ ಮನಿ ಗ್ವಾಡಿ ಮಿಂಚಬಾರದು, ದೀಪ ಮಿಂಚಬೇಕು" ಎನ್ನುವರು. ಮಲಗುವ ಕೋಣೆಯ ಸುಣ್ಣಕ್ಕೆ ಚೂರು ಹಳದಿ ಮಣ್ಣು ಬೆರೆಸಿ ಬೆಳಕನ್ನು ತಗ್ಗಿಸುವರು. ಹಾಗೆಂದು ಶಾಂತ ಸ್ವಭಾವದವರೆಂದುಕೊಳ್ಳಬೇಡಿ. ಕುಂಚ ಓರೆಯಾದರೆ "ಕಣ್ಣು ಎಲ್ಲಿ ಇಟ್ಟ ಬಂದೀ?" ಎಂದು ಹರಿಹಾಯುತ್ತಿದ್ದರು.

ಎಲ್ಲಕ್ಕಿಂತ ಕಷ್ಟದ್ದು ಅಡಿಗೆಮನೆ. ಕಟ್ಟಿಗೆ ಒಲೆಯ ಹೊಗೆಗೆ ಗೋಡೆ ಬೇಗನೆ ಕರ್ರಗಾಗುತ್ತಿತ್ತು. ಹಬ್ಬ ಹುಣ್ಣಿಮೆ ಬಂತೆಂದರೆ ಮಸಿ ಕೆರೆದು ಮತ್ತೆ ಸುಣ್ಣ ಬಳಿಯುವುದು ನನ್ನ ಪಾಲಿನ ಕೆಲಸ. ಈಗ ಹೇಳಹೊರಟ ವರ್ಷ ನನಗೆ ಹೆರಿಗೆಯಾಗಿ ಕೂಸು ಉಳಿದಿರಲಿಲ್ಲ. ಮೈಯಲ್ಲಿ ರಕ್ತವಿರಲಿಲ್ಲ, ಕೈ ಮೇಲೆತ್ತಿದರೆ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಕೇಳುವವರಾದರೂ ಯಾರು?

ಯುದ್ಧದ ಕಾಲ, ಏನೂ ಸುಲಭಕ್ಕೆ ಸಿಗುತ್ತಿರಲಿಲ್ಲ. ನಮ್ಮವರು ಹುಬ್ಬಳ್ಳಿಯೆಲ್ಲ ಅಲೆದು ಹಸಿರು ಎಣ್ಣೆ ಬಣ್ಣದ ಒಂದೇ ಒಂದು ಡಬ್ಬಿ ತಂದರು. ಒಂದು ಕೋಣೆಗೆ ಸಾಲುವಷ್ಟು. ನಾದಿನಿಯನ್ನು ನೋಡಲು ರಾಯಾಪುರದ ಕಡೆಯಿಂದ ಗಂಡಿನವರು ಬರುವವರಿದ್ದರು. ಅಷ್ಟರೊಳಗೆ ಪಡಸಾಲೆ ಕನ್ನಡಿಯ ಹಾಗೆ ಹೊಳೆಯಬೇಕೆಂದು ನಮ್ಮವರಿಗೆ ಆಸೆ.

ಅತ್ತೆ ಪಡಸಾಲೆಯ ಗೋಡೆಗೆ ಅಂಗೈ ಇಟ್ಟರು. "ಮಳಿ ಹಸಿ ಇನ್ನೂ ಆರಿಲ್ಲೋ ತಮ್ಮಾ. ಎಣ್ಣಿ ಬಣ್ಣ ಹಚ್ಚಿದ್ರ ಗುಳ್ಳಿ ಏಳ್ತಾವ. ಇದಕ್ಕ ಸುಣ್ಣನ ಛಲೋ. ಅಡಿಗಿ ಮನಿ ಗ್ವಾಡಿ ಒಲಿ ಕಾವಿಗೆ ಒಣಗೇತಿ. ಡಬ್ಬಿ ಅಲ್ಲಿಗೆ ಒಯ್ಯಿ."

"ಅವ್ವಾ, ಬೀಗರನ್ನ ಅಡಿಗಿ ಮನ್ಯಾಗ ಕುಂದ್ರಸ್ತೀ ಏನು?" ಎಂದು ನಮ್ಮವರು ರೇಗಿದರು.

"ಅವರು ಒಂದು ತಾಸು ಕುಂತು ಹೋಗ್ತಾರ" ಎಂದರು ಅತ್ತೆ. ಡಬ್ಬಿಯನ್ನು ತಾವೇ ಎತ್ತಿ ಅಡಿಗೆಮನೆಗೆ ಒಯ್ದರು.

ಅಡಿಗೆಮನೆ ಹಸಿರಾಯಿತು. ಮಸಿ ಕೂತರೆ ಒದ್ದೆ ಅರಿವೆಯಿಂದ ಒರೆಸಿದರೆ ಸಾಕು, ಗೋಡೆ ಲಕಲಕ ಹೊಳೆಯುತ್ತಿತ್ತು. ಪಡಸಾಲೆಗೆ ಅತ್ತೆ ತಾವೇ ಸುಣ್ಣ ಹಚ್ಚಿದರು. ನನ್ನನ್ನು ಹತ್ತಿರ ಬಿಡಲಿಲ್ಲ. ಮೋಡ ಮುಸುಕಿದ ದಿನಗಳು, ಸುಣ್ಣ ಸರಿಯಾಗಿ ಹಿಡಿಯಲಿಲ್ಲ. ನೋಡಲು ಬಂದ ದಿನ ಗಂಡಿನ ತಂದೆ ಗೋಡೆಗೆ ಒರಗಿ ಕೂತು ಎದ್ದರೆ, ಕರಿ ಕೋಟಿನ ಬೆನ್ನೆಲ್ಲ ಬೂದಿ ಬಳಿದಂತೆ! ಅಯ್ಯೋ ಶಿವನೇ, ಆ ಮುಖ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅತ್ತೆ ಅರಿವೆ ಹಿಡಿದು ಓಡಿ ಬಂದರು. "ಇರ್ಲಿ ಬಿಡ್ರಿ" ಎಂದು ಅವರು ಹಿಂದೆ ಸರಿದರು. ಆಮೇಲೆ ಆ ಕಡೆಯಿಂದ ಸುದ್ದಿಯೇ ಬರಲಿಲ್ಲ.

ಕಾರಣ ಏನಿತ್ತೋ, ದೇವರೇ ಬಲ್ಲ. ನಮ್ಮವರು ಮಾತ್ರ ಗೋಡೆಯನ್ನೇ ಹಿಡಿದರು. ತಾಯಿಯ ಜೊತೆ ತಿಂಗಳುಗಟ್ಟಲೆ ಮಾತು ಬಿಟ್ಟರು. ಅತ್ತೆ "ನಂದ ತಪ್ಪು" ಎಂದಷ್ಟೇ ಹೇಳಿದರು. ಮುಂದೆ ನಾದಿನಿಯನ್ನು ಎರಡನೇ ಸಂಬಂಧಕ್ಕೆ ಕೊಟ್ಟೆವು. ಗಂಡ ಕೆಟ್ಟವನಲ್ಲ, ವಯಸ್ಸಾದವನು. ತವರಿಗೆ ಬಂದಾಗ ಆಕೆ ಹೆಚ್ಚು ಮಾತಾಡುತ್ತಿರಲಿಲ್ಲ.

ಇದು ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು. ಅತ್ತೆ ಹಾಸಿಗೆ ಹಿಡಿದ ಮೇಲೆ, ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತ ಕೇಳಿಯೇಬಿಟ್ಟೆ: "ಅತ್ತಿ, ಪಡಸಾಲಿ ಗ್ವಾಡಿ ಖರೇನ ಹಸಿ ಇತ್ತೇನ್ರಿ?"

"ಸ್ವಲ್ಪ ಇತ್ತು." ಉಸಿರು ಎಳೆದುಕೊಂಡು, "ನಿನ್ನ ಮಾರಿ ಸುಣ್ಣಕ್ಕಿಂತ ಬೆಳ್ಳಗಿತ್ತು" ಎಂದರು.

ನಾನು ಗಂಜಿ ಬಟ್ಟಲು ಕೆಳಗಿಟ್ಟೆ. "ಆ ಬಣ್ಣ ಪಡಸಾಲಿಗೆ ಹಚ್ಚಿದ್ರ ಆಕಿ ಬಾಳೇ ಬ್ಯಾರೆ ಆಗ್ತಿತ್ತೇನೋ ರೀ."

"ಆಗ್ತಿತ್ತೇನೋ" ಎಂದರು ಅತ್ತೆ. "ಹಡದ ಮಗಳು. ಆಕಿ ಸಲುವಾಗಿ ದಿನಾ ಅಳ್ತೇನಿ. ಆದ್ರ ಆ ವರ್ಷ ಮತ್ತ ಮಸಿ ಕೆರಿಯಾಕ ಹಚ್ಚಿದ್ರ ನೀ ಉಳೀತಿದ್ದಿಲ್ಲ."

ಆ ವಾರವೇ ಅವರು ತೀರಿಕೊಂಡರು. ನಾನು ಇನ್ನೂ ಇದ್ದೇನೆ. ನಾದಿನಿ ಬಂದಾಗಲೆಲ್ಲ, ಮನೆಯಲ್ಲಿ ಯಾರೇ ಉಣ್ಣಲು ಕೂತಿರಲಿ, ಆಕೆಗೇ ಮೊದಲು ಬಡಿಸುತ್ತೇನೆ.